ಕತ್ತೆ ಕಟ್ಟಿದ ರಥ, ಬಳೆಗಾರರ ಗುಂಡು

ಚಳ್ಳಕೆರೆ ಸೀಮೆಯಲ್ಲಿ ಬರ ಇರುವುದು ಮಳೆಗೆ, ಕಥೆಗಲ್ಲ. ಶೇಂಗಾ ಕೈಕೊಟ್ಟ ವರ್ಷವೂ ಟೀ ಅಂಗಡಿಯ ಬೆಂಚಿನ ಮೇಲೆ ಇತಿಹಾಸ ಹುಲುಸಾಗಿ ಬೆಳೆಯುತ್ತದೆ. ಅದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡುವ ಚಾಳಿ ನನಗೆ. ಈ ಚಾಳಿಯಿಂದ ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತದೆ. ಇರಲಿ. ತೂರಿ ತೂರಿ ನನಗೆ ತಿಳಿದದ್ದು ಇಷ್ಟು: ನಮ್ಮ ಕಡೆ ಸುಳ್ಳನ್ನು ನಂಬುವುದು ಸುಲಭ, ನಿಜವನ್ನು ನಂಬಿಸುವುದೇ ಕಷ್ಟ.

ವರವು ಕಾವಲನ್ನೇ ನೋಡಿ. ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಅದು. “ಅಮೃತಮಹಲ್ ಅಂದ್ರೆ ಸುಮ್ನೇನಾ ಸಾರ್? ಟಿಪ್ಪು ಕಟ್ಟಿಸಿದ್ದು. ಕೊಡಗಟ್ಲೆ ಹಾಲು!” ಎನ್ನುವವರು ಇಂದಿಗೂ ಸಿಗುತ್ತಾರೆ. ಟಿಪ್ಪು ಕೊಟ್ಟದ್ದು ಹೆಸರನ್ನು. ಅದಕ್ಕೆ ಬಹಳ ಮೊದಲೇ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ ಆಗಿತ್ತು. ಇನ್ನು ಹಾಲಿನ ಮಾತು. ಹೆಸರಿನಲ್ಲಿ ಬೆಣ್ಣೆಯೂ ಉಂಟು, ಅಮೃತವೂ ಉಂಟು. ಕೆಚ್ಚಲಿನಲ್ಲಿ ಮಾತ್ರ ಕರುವಿಗೆ ಸಾಕಾಗಿ ಮಿಕ್ಕರೆ ಪುಣ್ಯ. ಈ ತಳಿಯ ಹೆಗ್ಗಳಿಕೆ ಇರುವುದು ಕಾಲಿನಲ್ಲಿ. 1781ರಲ್ಲಿ ಚಿದಂಬರದ ಕಡೆ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ದೆಸೆಯಿಂದ ಎಂದು ಬ್ರಿಟಿಷರೇ ಬೆರಗಾಗಿ ಬರೆದಿಟ್ಟಿದ್ದಾರೆ. ಆಮೇಲೆ ಅದೇ ಬ್ರಿಟಿಷರು ಖರ್ಚು ಉಳಿಸುತ್ತೇವೆಂದು 1860ರಲ್ಲಿ ಹಿಂಡನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಕೈ ಹಿಸುಕಿಕೊಂಡು ಮತ್ತೆ ಕಟ್ಟಲು ಹೊರಟರು. ಉಳಿತಾಯ ಮಾಡಿ ಕೈಸುಟ್ಟುಕೊಳ್ಳುವ ಸರ್ಕಾರಿ ಕಲೆ ಸ್ವಾತಂತ್ರ್ಯಾನಂತರದ್ದು ಎಂಬುದೂ ಒಂದು ತಪ್ಪು ತಿಳಿವಳಿಕೆಯೇ.

ಈಗ ಆ ಕಾವಲಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಡಿಆರ್‌ಡಿಒ ವಶದಲ್ಲಿದೆ. ಗೋಡೆ ಎದ್ದಿತು, ಕುರಿ, ದನ ಎಲ್ಲಿ ಮೇಯಬೇಕು ಎಂಬ ಪ್ರಶ್ನೆ ಚೆನ್ನೈನ ಹಸಿರು ನ್ಯಾಯಪೀಠದವರೆಗೂ ಹೋಗಿ ಬಂತು. 2017ರ ಮೇ 28ರಂದು ವಿಮಾನ ಪರೀಕ್ಷೆಯ ನೆಲೆ ಉದ್ಘಾಟನೆಯಾಯಿತು. ಅಲ್ಲಿ ಇಸ್ರೋದವರು ರೆಕ್ಕೆಯಿರುವ, ಒಳಗೆ ಯಾರೂ ಇಲ್ಲದ ಒಂದು ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿ, ನಾಲ್ಕೂವರೆ ಕಿಲೋಮೀಟರ್ ಮೇಲಿನಿಂದ ಕೈಬಿಟ್ಟರು. ಅದು ತಾನಾಗಿಯೇ ದಾರಿ ಹುಡುಕಿಕೊಂಡು ಬಂದು ಓಡುಹಾದಿಗೆ ಇಳಿಯಿತು. 2023ರ ಏಪ್ರಿಲ್ 2ರಂದು ಮೊದಲ ಸಲ. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಮತ್ತೆರಡು ಸಲ. ಕೊನೆಯ ಸಲ ನೆಲ ಮುಟ್ಟುವಾಗಿನ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ವಾಹನದ ಹೆಸರು ‘ಪುಷ್ಪಕ್’.

ಹೆಸರು ಕೇಳಿದ್ದೇ ತಡ, ಬೆಂಚಿನ ಯಜಮಾನರೊಬ್ಬರು ಎದ್ದು ಕೂತರು: “ಸೀತಮ್ಮನ್ನ ರಾವಣ ಹೊತ್ಕೊಂಡು ಹೋಗಿದ್ದೂ ಇದೇ ದಾರೀಲೇ, ಪುಷ್ಪಕದಲ್ಲೇ!” ಸಿನಿಮಾದಲ್ಲಿ ಹಾಗೇ ತೋರಿಸಿದ್ದಾರೆ, ಕ್ಯಾಲೆಂಡರಿನಲ್ಲೂ ಹಾಗೇ ಬರೆದಿದ್ದಾರೆ. ವಾಲ್ಮೀಕಿ ಮಾತ್ರ ಅರಣ್ಯಕಾಂಡದಲ್ಲಿ ರಾವಣನನ್ನು ಕತ್ತೆ ಕಟ್ಟಿದ ರಥದಲ್ಲಿ ಕಳಿಸಿದ್ದಾನೆ. ಜಟಾಯು ಅಡ್ಡಬಂದು ಕತ್ತೆಗಳನ್ನು ಕೊಂದು ರಥ ಮುರಿದ ಮೇಲೆ ಲಂಕೇಶ್ವರ ಸೀತೆಯನ್ನು ಎತ್ತಿಕೊಂಡೇ ಹಾರಬೇಕಾಯಿತು. ಇದನ್ನು ಹೇಳಿದಾಗ ಯಜಮಾನರಿಗೆ ರಾವಣನ ಮೇಲಿದ್ದ ಗೌರವ ಪೂರ್ತಿ ಇಳಿದುಹೋಯಿತು. ಸೀತೆಯನ್ನು ಕದ್ದದ್ದನ್ನಾದರೂ ಅವರು ಸಹಿಸಿದ್ದರು, ಕತ್ತೆಯನ್ನಲ್ಲ.

ಆ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಇದರಲ್ಲಿ ನಮಗೆ ಅನುಮಾನವಿಲ್ಲ. ಆಂಧ್ರದ ಲೇಪಾಕ್ಷಿಯವರಿಗೆ ತಮ್ಮೂರಲ್ಲೇ ಬಿದ್ದದ್ದು ಎಂಬುದರಲ್ಲಿ ಅನುಮಾನವಿಲ್ಲ. ಕೇರಳದ ಚಡಯಮಂಗಲದವರಂತೂ ಬೆಟ್ಟದ ತುದಿಯಲ್ಲಿ ಭಾರಿ ಹಕ್ಕಿಯನ್ನೇ ಕಟ್ಟಿ ವಾದ ಮುಗಿಸಿದ್ದಾರೆ. ಮುದಿ ಹಕ್ಕಿಯನ್ನು ಮೂರು ಊರಿನವರು ಮೂರು ಕಡೆ ಬೀಳಿಸಿದ್ದು ಸಾಕು. ಪಂಚಾಯ್ತಿಗೆ ನಾನು ಹೋಗುವುದಿಲ್ಲ.

ಜಟಿಂಗ ರಾಮೇಶ್ವರದಲ್ಲಿ ಸಾಕ್ಷಿ ಸಮೇತ ಇರುವವನು ಬೇರೊಬ್ಬ: ಅಶೋಕ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ, ಹತ್ತಿರದ ಬ್ರಹ್ಮಗಿರಿಯಲ್ಲಿ ಮತ್ತು ಸಿದ್ದಾಪುರದಲ್ಲಿ ಅವನ ಶಾಸನಗಳನ್ನು ಪತ್ತೆಮಾಡಿದರು. ಬ್ರಹ್ಮಗಿರಿಯ ಬಂಡೆಗೆ ಊರವರು ‘ಅಕ್ಷರ ಗುಂಡು’ ಎನ್ನುತ್ತಿದ್ದರು, ಅದಕ್ಕೆ ಔಷಧಿಯ ಗುಣವಿದೆ ಎಂದು ನಂಬಿದ್ದರು. ನಗಬೇಡಿ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆ ಎಂದು ಅಶೋಕ ಬೇರೆ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಓದಲು ಬಾರದಿದ್ದರೂ ನಮ್ಮವರು ಆಸಾಮಿಯ ಸ್ವಭಾವವನ್ನು ಸರಿಯಾಗಿಯೇ ಹಿಡಿದಿದ್ದರು.

ಬ್ರಹ್ಮಗಿರಿಯ ಹದಿಮೂರು ಸಾಲುಗಳಲ್ಲಿ ಎಲ್ಲೂ ಅಶೋಕ ಎಂಬ ಹೆಸರಿಲ್ಲ. ‘ದೇವರಿಗೆ ಪ್ರಿಯನಾದವನು’ ಎಂದಷ್ಟೇ ಇದೆ. ಹೆಸರು ಹಿಡಿದು ಹೇಳುವ ಶಾಸನ ಸಿಗಲು 1915ರ ಮಸ್ಕಿಯವರೆಗೆ ಕಾಯಬೇಕಾಯಿತು. ಬ್ರಹ್ಮಗಿರಿಯದು ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸುತ್ತೋಲೆ. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ, ಆಮೇಲೆ ಆಜ್ಞೆ. ಅಂಥ ಸುತ್ತೋಲೆಯನ್ನು ನಾನಂತೂ ನಮ್ಮ ಕಾಲದಲ್ಲಿ ಕಂಡಿಲ್ಲ. ಕೆತ್ತಿದವನು ಚಪಡ. ತನ್ನ ಹೆಸರಿನ ಮುಂದೆ ‘ಲಿಪಿಕಾರ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನ ಬಂಡೆಯ ಮೇಲೆ ಅದನ್ನು ಯಾರು ಓದಲಿ ಎಂದು ಬರೆದನೋ! ಎರಡು ಲಿಪಿ ಬಲ್ಲವನ ಜಂಬ ಇದ್ದೀತು.

ಕಳಿಂಗ ಯುದ್ಧ ಮುಗಿದದ್ದೇ ತಡ, ಅಶೋಕ ಕತ್ತಿ ಬಿಸುಟು ಸಂತನಾದ ಎಂದು ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಬಂಡೆ ಬೇರೆ ಹೇಳುತ್ತದೆ: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಒಂದು ವರ್ಷವಂತೂ ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಜೋರಾಗಿ ತೊಡಗಿದೆ. ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸಿದ ಚಕ್ರವರ್ತಿ! ಸಿನಿಮಾದ ಅಶೋಕನಿಗಿಂತ ಇವನೇ ನನಗೆ ಹತ್ತಿರದವನು.

ಅದೇ ಶಾಸನದ ಇನ್ನೊಂದು ಆಜ್ಞೆ: ತಾಯಿತಂದೆಯರ ಮಾತು ಕೇಳಬೇಕು, ಸತ್ಯವನ್ನೇ ನುಡಿಯಬೇಕು. ಇದರ ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿದೆ. ಆ ಜಾಗದ ಹೆಸರು ‘ಬಳೆಗಾರರ ಗುಂಡು’. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅಲ್ಲೇ. ಸತ್ಯವನ್ನೇ ನುಡಿಯಬೇಕೆಂಬ ಅಕ್ಷರಗಳ ಮೇಲೆ ಕುಳಿತು ವರ್ಷ ವರ್ಷವೂ ಎಷ್ಟು ಮಂದಿ ಹೇಳಿರಬಹುದು: “ಅಸಲೇ ಹುಟ್ಟಾಕಿಲ್ಲ ಕಣವ್ವಾ, ನಿನಗೆ ಅಂತ ಈ ರೇಟು!”