ಚಿತ್ತಚಾಂಚಲ್ಯ ಮತ್ತು ಹಾಕಿ: ಒಂದು ಶಾಸ್ತ್ರೀಯ ವಿವೇಚನೆ

ಪೀಠಿಕೆ

ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಯ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂಬ ಗಹನ ವಿಷಯದ ಮೇಲೆ ಹಿರಿಯರು ಇದುವರೆಗೆ ಬೈಗುಳ ಸಾಹಿತ್ಯವನ್ನಷ್ಟೇ ರಚಿಸಿದ್ದಾರೆ. ಆ ಕೊರತೆ ನೀಗಲೆಂದು ಗೋಣಿಕೊಪ್ಪಲಿನ ಒಬ್ಬ ಎಸ್ಸೆಸ್ಸೆಲ್ಸಿ ಹುಡುಗನನ್ನು ಇಲ್ಲಿ ಅಧ್ಯಯನಕ್ಕೆ ಒಳಪಡಿಸಲಾಗಿದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯ ಲೆಕ್ಕದಲ್ಲಿ ಹಾಕಿಗೆ ಪಾಲೇ ಉಳಿಯುವುದಿಲ್ಲ. ಅದು ಬುದ್ಧಿಯ ಜಾಗವನ್ನು ಒತ್ತುವರಿ ಮಾಡಿಕೊಂಡಿರಬೇಕೆಂದು ಊಹಿಸಲಾಗಿದೆ.

ಕ್ಷೇತ್ರ ಪರಿಚಯ

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ನಮ್ಮ ಹುಡುಗ ಕೊಡವನಲ್ಲ, ಅವನ ಮನೆತನಕ್ಕೆ ತಂಡವಿಲ್ಲ. ಹೀಗಾಗಿ ಯಾರು ಗೆದ್ದರೂ ಕುಣಿಯುವ, ಯಾರು ಸೋತರೂ ಊಟ ಬಿಡುವ ಶುದ್ಧ ಅಭಿಮಾನಿಯ ವರ್ಗಕ್ಕೆ ಅವನು ಸೇರುತ್ತಾನೆ.

ಪ್ರಯೋಗ

ಮೇಜಿನ ಮೇಲೆ ಸಮಾಜ ವಿಜ್ಞಾನದ ಪುಸ್ತಕ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ‘ಡಿ’. ಜಾಮಿಟ್ರಿ ಬಾಕ್ಸೇ ಗೋಲು. ಅದರ ಮುಂದೆ ನಾಲ್ಕು ಪೆನ್ಸಿಲ್, ಕಾವಲಿಗೆ ಒಂದು ಶಾರ್ಪನರ್. ಪೆನಾಲ್ಟಿ ಕಾರ್ನರಿನಲ್ಲಿ ಗೋಲ್‌ಕೀಪರ್ ಸೇರಿ ಐವರೇ ರಕ್ಷಣೆಗೆ ನಿಲ್ಲಬೇಕೆಂಬ ನಿಯಮ ಪಾಲನೆಯಾಗಿದೆ. ಸ್ಕೇಲಿನಿಂದ ಡ್ರ್ಯಾಗ್ ಫ್ಲಿಕ್ ಮಾಡಿದ ರಬ್ಬರು ಗೋಲು ತಪ್ಪಿ ಸ್ಟೀಲ್ ಲೋಟಕ್ಕೆ ಬಡಿಯಿತು.

“ಏನೋ ಅದು ಸದ್ದು?”

“ಓದ್ತಾ ಇದ್ದೀನಮ್ಮ!”

ಪೂರ್ವಪಕ್ಷ

ಅವನು ಓದುತ್ತಿಲ್ಲ ಎಂಬುದು ತಾಯಿಯ ಮತ. ಲೋಟವೇ ಪ್ರಮಾಣ.

ಸಿದ್ಧಾಂತ

ಆ ಮತ ನಿಲ್ಲದು. ಹುಡುಗ ಉರು ಹೊಡೆಯುತ್ತಿದ್ದದ್ದು ಅಸ್ಪೃಶ್ಯತೆಯ ಪಾಠ: ಸಂವಿಧಾನದ 17ನೇ ವಿಧಿ, 1955ರ ಕಾಯ್ದೆ, 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂದು ಮರುನಾಮಕರಣ. 1976 ಎಂದ ಕೂಡಲೇ ಮನಸ್ಸು ಮಾಂಟ್ರಿಯಲ್‌ಗೆ ಹಾರಿತು. ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಹುಲ್ಲು ಬಿಟ್ಟು ಕೃತಕ ಟರ್ಫ್ ಏರಿದ ವರ್ಷ. 1928ರಿಂದ ಪ್ರತಿ ಸಲವೂ ಪದಕ ತಂದಿದ್ದ ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಹುಲ್ಲಿಗೆ ಮಳೆ ಸಾಕು; ಟರ್ಫಿಗೆ ದುಡ್ಡು ಬೇಕು. ಹಾಗಾದರೆ ಬಡವರ ಮಕ್ಕಳು ಎಲ್ಲಿ ಆಡಬೇಕು? ಇದು ಪಠ್ಯದಲ್ಲಿಲ್ಲದ ಪ್ರಶ್ನೆ, ಆದ್ದರಿಂದ ಅಂಕವೂ ಇಲ್ಲ.

ಮನಸ್ಸು ಅಲ್ಲಿಂದ ಟೋಕಿಯೊಗೆ ಜಿಗಿಯಿತು. 2021ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಮಹಿಳೆ. ಕೆಲವೇ ದಿನಗಳಲ್ಲಿ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಬಳಿಯ ವಂದನಾ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದು ಜಾತಿ ಎತ್ತಿ ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಗೆದ್ದಾಗ ದೇಶದ ಮಗಳು, ಸೋತಾಗ ಜಾತಿಯವಳು: ಈ ರೂಪಾಂತರಕ್ಕೆ ಒಂದು ವಾರವೂ ಬೇಕಾಗುವುದಿಲ್ಲ ಎಂಬುದು ಈ ಪ್ರಬಂಧದಲ್ಲಿ ಪ್ರಯೋಗದಿಂದ ಸಿದ್ಧವಾದ ಏಕೈಕ ಸಂಗತಿ.

ಊರೆಲ್ಲ ಸುತ್ತಿದ ಮನಸ್ಸು ಕೊನೆಗೆ ತಲುಪಿದ್ದು 17ನೇ ವಿಧಿಯನ್ನೇ. ಮೇಜು ಬಿಟ್ಟು ಏಳದ ಜಾಣರು ವಿಧಿಯ ಸಂಖ್ಯೆಯನ್ನಷ್ಟೇ ಬಲ್ಲರು.

ಶಿಫಾರಸು

ಮಾದರಿ ಪರೀಕ್ಷೆಯಲ್ಲಿ ‘ಅಸ್ಪೃಶ್ಯತೆಯನ್ನು ನಿಷೇಧಿಸುವ ವಿಧಿ ಯಾವುದು?’ ಎಂದು ಕೇಳಲಾಗಿತ್ತು. ಹುಡುಗ ‘17’ ಎಂದು ಬರೆದು, ಅದರ ಕೆಳಗೆ ವಂದನಾ ಅವರ ಕಥೆಯನ್ನು ಅರ್ಧ ಪುಟ ಬರೆದ. ಮೇಷ್ಟ್ರು ಒಂದು ಅಂಕ ಕೊಟ್ಟು, ಉಳಿದದ್ದಕ್ಕೆ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಷರಾ ಬರೆದರು. ಹಾಕಿಯಲ್ಲಾದರೆ ಇಂಥ ತೀರ್ಪಿನ ಮರುಪರಿಶೀಲನೆಗೆ ವಿಡಿಯೋ ಅಂಪೈರ್ ಇರುತ್ತಾರೆ. ಶಾಲೆಗಳಲ್ಲೂ ಅಂಥವರೊಬ್ಬರನ್ನು ನೇಮಿಸಬೇಕೆಂದು ಶಿಫಾರಸು ಮಾಡಲಾಗಿದೆ.