ಕಲಿಯುವವನಿಗೆ ಕೂಲಿ ಯಾಕೆ?

ಅದ್ವೈತವನ್ನು ಇಷ್ಟು ಸರಳವಾಗಿ ಬೋಧಿಸಿದ ಕಾಯ್ದೆ ನಮ್ಮ ದೇಶದಲ್ಲಿ ಇನ್ನೊಂದಿರಲಾರದು. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ತೆಗೆದು ನೋಡಿ. ಅಪ್ರೆಂಟಿಸ್, ಅಂದರೆ ಶಿಶಿಕ್ಷು ಎಂಬುವವನು ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಕೈಗೆ ಮೆತ್ತಿದ ಕೂಲೆಂಟ್ ಮಾಯೆ, ಬೆನ್ನಿನ ನೋವು ಮಾಯೆ, ಸಂಜೆ ಲಾರಿಗೆ ಏರಿದ ಮಾಲು ಮಹಾಮಾಯೆ. ಅವನು ಕಲಿಯುತ್ತಿದ್ದಾನೆ ಎಂಬುದೊಂದೇ ಸತ್ಯ. ಈ ಮಾಯೆ ಹರಿಯುವ ಒಂದು ಗಳಿಗೆಯೂ ಅದೇ ಕಾಯ್ದೆಯಲ್ಲಿದೆ. ತರಬೇತಿಯ ವೇಳೆ ಗಾಯವಾದರೆ ಕಾರ್ಮಿಕರ ಪರಿಹಾರ ಕಾನೂನಿನಂತೆ ಪರಿಹಾರ ಕೊಡಬೇಕು ಎನ್ನುತ್ತದೆ 16ನೇ ಸೆಕ್ಷನ್. ಅಂದರೆ ಬೆರಳು ಇರುವವರೆಗೆ ವಿದ್ಯಾರ್ಥಿ, ಹೋದ ಮೇಲೆ ಕಾರ್ಮಿಕ.

ನಾನು ಈ ತತ್ತ್ವಜ್ಞಾನವನ್ನು ವರ್ಷಪೂರ್ತಿ ಅಭ್ಯಾಸ ಮಾಡಿದ್ದು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ, ಅಪ್ರೆಂಟಿಸ್ ಆಗಿ. ಗದಗಿನ ಕಡೆಯಿಂದ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಂದಿದ್ದೆ. ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಲೇತ್ ಯಂತ್ರವೊಂದು ಇತ್ತು, ಅದಕ್ಕೆ ಪ್ರತಿ ವರ್ಷ ಆಯುಧಪೂಜೆ ಆಗುತ್ತಿತ್ತು. ಅದು ತಿರುಗಿದ್ದನ್ನು ಕಂಡವರು ನಮ್ಮ ಸೀನಿಯರ್‌ಗಳ ಸೀನಿಯರ್‌ಗಳು ಎಂದು ಪ್ರತೀತಿ. ಹೀಗಾಗಿ ನಿಜವಾದ ಕಾರ್ಖಾನೆಯಲ್ಲಿ ನಿಜವಾದ ಯಂತ್ರ ಮುಟ್ಟುವ ಅವಕಾಶ ಅಂದಾಗ ಊರಿನಲ್ಲಿ ಸಂಭ್ರಮ. ಅಪ್ಪ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, "ನಮ್ಮ ಹುಡುಗಗ ಬೆಂಗಳೂರಾಗ ಕಂಪನಿ ಕೆಲಸ ಸಿಕ್ಕೈತಿ" ಎಂದ. "ಕೆಲಸ ಅಲ್ಲಪ್ಪಾ, ತರಬೇತಿ" ಎಂದು ನಾನು ಕಾಯ್ದೆಯ ಪಕ್ಷ ವಹಿಸಿದೆ. "ರೊಕ್ಕ ಕೊಡ್ತಾರಿಲ್ಲ? ಮತ್ತ ಕೆಲಸಾನ ಅದು" ಎಂದ. ಅಪ್ಪನಿಗೆ ಅದ್ವೈತ ಗೊತ್ತಿಲ್ಲ.

ಮೊದಲ ದಿನ ಎಚ್‌ಆರ್ ಮೇಡಂ ನಮ್ಮನ್ನು ತಂಪು ಕೋಣೆಯಲ್ಲಿ ಕೂರಿಸಿ, "ಕಂಪನಿ ನಿಮ್ಮ ಮೇಲೆ ತುಂಬಾ ಇನ್ವೆಸ್ಟ್ ಮಾಡ್ತಿದೆ" ಎಂದರು. ಎಷ್ಟು ಎಂದು ಆಮೇಲೆ ಲೆಕ್ಕ ಹಾಕಿದೆ. 2019ರ ನಿಯಮದಂತೆ ಡಿಪ್ಲೊಮಾದವನಿಗೆ ಕೊಡಬೇಕಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 8,000 ರೂಪಾಯಿ ಇತ್ತು. ಈ ಕನಿಷ್ಠದ ಅರ್ಧವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಉಳಿದ 4,000 ಕಂಪನಿಯ ಮಹಾ ಹೂಡಿಕೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬೋನಸ್ ಎಂಬ ಪಿಡುಗೂ ಇಲ್ಲ. ಇತ್ತ ಪಿಜಿ ಮಾಲೀಕರು ನನ್ನನ್ನು ವಿದ್ಯಾರ್ಥಿ ಎಂದು ಒಪ್ಪಲೇ ಇಲ್ಲ, ಬಾಡಿಗೆಯನ್ನು ನೌಕರರ ದರದಲ್ಲೇ ವಸೂಲಿ ಮಾಡಿದರು. ಅವರೂ ಅಪ್ಪನ ಪಂಥ.

ಆ ತಂಪು ಕೋಣೆಯಲ್ಲೇ ಜಪಾನಿನ ‘ಫೈವ್ ಎಸ್’ ಬಗ್ಗೆ ಸಿನಿಮಾ ತೋರಿಸಿದರು. ಬೇಡದ್ದನ್ನು ಬೇರ್ಪಡಿಸು, ಜೋಡಿಸಿಡು, ಗುಡಿಸು, ಅದನ್ನೇ ರೂಢಿ ಮಾಡು, ಶಿಸ್ತಾಗಿ ಪಾಲಿಸು. ಐದರಲ್ಲಿ ನಾಲ್ಕು ತೆರೆಯ ಮೇಲೇ ಮುಗಿದವು. ಮೂರನೆಯದಕ್ಕೆ ಮಾತ್ರ ಪೊರಕೆ ಸಮೇತ ಪ್ರಾಯೋಗಿಕ ತರಗತಿ ಏರ್ಪಾಡಾಯಿತು. ಲೋಹದ ಚೂರು ಬಳಿಯುವುದು, ಯಂತ್ರದಡಿಯ ಎಣ್ಣೆ ಒರೆಸುವುದು, ಗ್ರಾಹಕ ಕಂಪನಿಯವರು ಬರುವ ದಿನ ಹಳದಿ ಗೆರೆಗೆ ಹೊಸ ಬಣ್ಣ ಬಳಿಯುವುದು. ನಂತರ ಡೀಬರ್ರಿಂಗ್‌ಗೆ ಬಡ್ತಿ ಸಿಕ್ಕಿತು. ಯಂತ್ರದಿಂದ ಹೊರಬಂದ ಬಿಡಿಭಾಗದ ಅಂಚಿಗೆ ಕೂದಲೆಳೆಯಂಥ ಮುಳ್ಳು ಉಳಿದಿರುತ್ತದೆ. ಅದನ್ನು ಅರ ಹಿಡಿದು ಉಜ್ಜಿ ತೆಗೆಯಬೇಕು. ಒಂದು ಮುಗಿದರೆ ಇನ್ನೊಂದು, ಕ್ರೇಟ್ ಖಾಲಿಯಾದರೆ ಇನ್ನೊಂದು ಕ್ರೇಟ್. ಥರ್ಮೋಡೈನಮಿಕ್ಸ್ ಓದಿ ಬಂದವನಿಗೆ ಎಂಟ್ರೊಪಿಯ ಅರ್ಥ ಆಗಿದ್ದು ಅಲ್ಲೇ.

ಸಿಎನ್‌ಸಿ ಯಂತ್ರವನ್ನು ನಾನು ಅಧಿಕೃತವಾಗಿ ಮುಟ್ಟಿದ್ದು ಆಯುಧಪೂಜೆಗೆ. ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದೆವು. ಪರ್ಮನೆಂಟ್‌ನವರಿಗೆ ದೊಡ್ಡ ಸ್ವೀಟ್ ಬಾಕ್ಸ್, ಕಾಂಟ್ರಾಕ್ಟ್‌ನವರಿಗೆ ಸಣ್ಣದು. ನಮಗೆ ಪುರಿ, ಮತ್ತು ಪ್ರಸಾದ ಎಲ್ಲರಿಗೂ ಒಂದೇ ಎಂಬ ಸಮಾಧಾನ. ಮಾರನೆಯ ವಾರ ಒಬ್ಬ ಆಪರೇಟರ್ ಸಾವಿರ ರೂಪಾಯಿ ಜಾಸ್ತಿ ಸಿಗುತ್ತದೆಂದು ಪಕ್ಕದ ಶೆಡ್ಡಿಗೆ ಹಾರಿದ. ಸೂಪರ್‌ವೈಸರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಂಜಿನಿಯರ್ರೇ, ನಾಳೆಯಿಂದ ಈ ಮಷೀನು ನಿಮ್ದೇ" ಎಂದರು. ಅಷ್ಟು ದಿನ "ಏಯ್ ಗದಗ" ಆಗಿದ್ದವನು ಒಂದೇ ರಾತ್ರಿಗೆ ಬಹುವಚನಕ್ಕೆ ಏರಿದ್ದೆ.

ಆಮೇಲೆ ನನ್ನ ಸ್ಥಾನಮಾನ ಗಂಟೆಗೊಮ್ಮೆ ಬದಲಾಗತೊಡಗಿತು. ಶಿಫ್ಟಿನ ಟಾರ್ಗೆಟ್ ಹೇಳುವಾಗ ಆಪರೇಟರ್. ಪೀಸ್ ರಿಜೆಕ್ಟ್ ಆದರೆ "ಡಿಪ್ಲೊಮಾ ಓದಿದೀಯ, ಇಷ್ಟೂ ಗೊತ್ತಾಗಲ್ವಾ?" ರಜೆ ಕೇಳಿದರೆ ಜವಾಬ್ದಾರಿಯುತ ನೌಕರ. ಓಟಿ ದುಡ್ಡು ಕೇಳಿದರೆ ಮಾತ್ರ, "ಲೋ, ನೀನಿನ್ನೂ ಕಲಿಯೋ ಹುಡುಗ ಕಣೋ, ಈಗಲೇ ದುಡ್ಡಿನ ಆಸೆ ಒಳ್ಳೇದಲ್ಲ."

ಓಟಿ ವಿಷಯದಲ್ಲಿ ಕಾಯ್ದೆ ಕಟ್ಟುನಿಟ್ಟು. ಅಪ್ರೆಂಟಿಸ್ ಸಲಹಾಧಿಕಾರಿಯ ಒಪ್ಪಿಗೆ ಇಲ್ಲದೆ ಹೆಚ್ಚು ಹೊತ್ತು ದುಡಿಸುವಂತಿಲ್ಲ. ತರಬೇತಿಯ ಹಿತಕ್ಕೆ ಅಥವಾ ಸಾರ್ವಜನಿಕ ಹಿತಕ್ಕೆ ಎಂದು ಮನವರಿಕೆಯಾದರೆ ಮಾತ್ರ ಆತ ಒಪ್ಪಬೇಕು. ನಮ್ಮಲ್ಲಿ ತಿಂಗಳ ಕೊನೆಯ ಡಿಸ್‌ಪ್ಯಾಚ್‌ಗಿಂತ ದೊಡ್ಡ ಸಾರ್ವಜನಿಕ ಹಿತ ಇರಲಿಲ್ಲ. ಪಂಚಿಂಗ್ ಯಂತ್ರದಲ್ಲಿ ಔಟ್ ಒತ್ತಿ ಒಳಗೆ ಬರುವ ಪದ್ಧತಿಯಿದ್ದುದರಿಂದ ಕಾಯ್ದೆಗೆ ಒಂದು ದಿನವೂ ನೋವಾಗಲಿಲ್ಲ. ತಪ್ಪು ಮಾಡಿದ ಮಾಲೀಕನಿಗೆ ಮೊದಲು ಜೈಲಿನ ಮಾತೂ ಇತ್ತಂತೆ. 2014ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ದಂಡ ಮಾತ್ರ ಉಳಿಸಿದರು. ಉದ್ಯಮಿಗಳು ಹೆದರಿಕೊಂಡರೆ ಮಕ್ಕಳಿಗೆ ಕಲಿಸುವವರು ಯಾರು?

ಕಲಿಸಿದ್ದು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ, ವ್ಯಂಗ್ಯವನ್ನು ಎರಡು ನಿಮಿಷ ಪಕ್ಕಕ್ಕಿಟ್ಟು. ಪಕ್ಕದ ಯಂತ್ರದಲ್ಲಿ ಕಾಂಟ್ರಾಕ್ಟ್ ಆಪರೇಟರ್ ಒಬ್ಬರಿದ್ದರು. ಎಸ್ಸೆಸ್ಸೆಲ್ಸಿ ಫೇಲು. ಕೊರೆಯುವ ಸದ್ದು ಕೇಳಿಯೇ ಇನ್ಸರ್ಟ್ ಸವೆದಿದೆ ಎಂದು ಹೇಳುತ್ತಿದ್ದರು. ಯಂತ್ರ ನಿಲ್ಲಿಸಿ ನೋಡಿದರೆ ಸವೆದೇ ಇರುತ್ತಿತ್ತು. ಬೋರ್ ಅಳತೆ ಕೆಲವು ಮೈಕ್ರಾನ್ ಅತ್ತಿತ್ತ ಆದಾಗ ಆಫ್‌ಸೆಟ್ ಎಷ್ಟು ಕೊಡಬೇಕು, ಬೆಳಗ್ಗೆ ಯಂತ್ರ ತಣ್ಣಗಿದ್ದಾಗ ಬರುವ ಅಳತೆಯನ್ನು ಯಾಕೆ ನಂಬಬಾರದು, ಗೇಜ್ ಒಳಗೆ ಹೋಗದಿದ್ದರೆ ಯಾಕೆ ಒತ್ತಬಾರದು, ಎಲ್ಲ ಅವರಿಂದಲೇ ಬಂದದ್ದು. ನನಗೆ ಹೇಳಿಕೊಡುವಾಗ ಅವರ ಪೀಸ್ ಕಮ್ಮಿಯಾಗಿ ಬೈಸಿಕೊಳ್ಳುತ್ತಿದ್ದರು. ನನ್ನ ಕಾಗದಗಳಲ್ಲಿ ತರಬೇತುದಾರರೆಂದು ಇದ್ದ ಹೆಸರು ಬೇರೆಯದು. ಆ ಮಹನೀಯರ ಮುಖವನ್ನು ನಾನು ಗ್ರೂಪ್ ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಕಾಗದ ಅಂದಾಗ ಲಾಗ್ ಬುಕ್ಕಿನ ಮಹಿಮೆ ಹೇಳದೆ ಹೋದರೆ ದೋಷ ಬರುತ್ತದೆ. ಅಪ್ರೆಂಟಿಸ್ ದಿನದಿನ ಏನು ಕಲಿತನೆಂದು ಅದರಲ್ಲಿ ದಾಖಲಾಗಬೇಕು. ನಮ್ಮ ಲಾಗ್ ಬುಕ್ಕುಗಳು ಎಚ್‌ಆರ್ ಬೀರುವಿನಲ್ಲಿ ಶುಭ್ರವಾಗಿದ್ದವು. ತಪಾಸಣೆಯ ಸುದ್ದಿ ಬಂದ ದಿನ ಉತ್ಪಾದನೆ ನಿಲ್ಲಿಸಿ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿದರು. ವರ್ಷದಲ್ಲಿ ನಾವು ಕೂತು ಮಾಡಿದ ಕೆಲಸ ಅದೊಂದೇ. ಒಬ್ಬ ಓದುವುದು, ಉಳಿದವರು ಬರೆಯುವುದು. "ಸೋಮವಾರ: ಸರ್ಫೇಸ್ ಗ್ರೈಂಡಿಂಗ್ ತತ್ತ್ವಗಳು. ಮಂಗಳವಾರ: ಹೈಡ್ರಾಲಿಕ್ ಸರ್ಕ್ಯೂಟ್ ಅಧ್ಯಯನ." ಗ್ರೈಂಡಿಂಗ್ ವಿಭಾಗ ಯಾವ ಶೆಡ್ಡಿನಲ್ಲಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಒಂದೇ ಶಾಯಿಯಾದರೆ ಅನುಮಾನ ಬರುತ್ತದೆಂದು ಸೂಪರ್‌ವೈಸರ್ ಸ್ವಂತ ಖರ್ಚಿನಲ್ಲಿ ನಾಲ್ಕು ಬಗೆಯ ಪೆನ್ನು ತರಿಸಿದ್ದರು. ಕಂಪನಿ ನಮ್ಮ ಮೇಲೆ ಮಾಡಿದ ಇನ್ವೆಸ್ಟ್‌ಮೆಂಟ್‌ನಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಎಣ್ಣೆ ಕೈ ಒರೆಸಿ ಪುಟಕ್ಕೊಂದು ಕಲೆ ಮಾಡುವ ಕಲ್ಪನೆ ನನ್ನದು. ಅದಕ್ಕೆ ಸುಧಾರಣೆ ಸೂಚಿಸಿದವರಿಗೆ ಕೊಡುವ ‘ಕೈಜೆನ್’ ಬಹುಮಾನ ಕೊಡಬೇಕಿತ್ತು, ಬೆನ್ನು ತಟ್ಟಿ ಸುಮ್ಮನಾದರು. ಅಧಿಕಾರಿಗಳು ಬಂದು ಪುಟ ತಿರುವಿದರು. "ಒಳ್ಳೆ ಎಕ್ಸ್‌ಪೋಷರ್ ಸಿಕ್ಕಿದೆ ಮಕ್ಕಳಿಗೆ" ಎಂದು ಬಾದಾಮಿ ಹಾಲು ಕುಡಿದು ಹೊರಟರು.

ರಾಜ್ಯ ಸರ್ಕಾರವೂ ಈ ವೇದಾಂತದಲ್ಲಿ ಹಿಂದೆ ಬಿದ್ದಿಲ್ಲ. ಕೆಲಸವಿಲ್ಲದ ಡಿಪ್ಲೊಮಾದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 1,500 ರೂಪಾಯಿ ಉಂಟು. ಆದರೆ ಅಪ್ರೆಂಟಿಸ್ ವೇತನ ಪಡೆಯುವವರು ಅದಕ್ಕೆ ಅರ್ಹರಲ್ಲ. ಕೇಂದ್ರದ ಕಾಯ್ದೆ ನೋಡಿದರೆ ನಾನು ಕೆಲಸಗಾರನಲ್ಲ, ರಾಜ್ಯದ ಯೋಜನೆ ನೋಡಿದರೆ ನಿರುದ್ಯೋಗಿಯಲ್ಲ. ಉಪನಿಷತ್ತಿನ ಋಷಿಗಳು ನೇತಿ ನೇತಿ ಎಂದು ಹುಡುಕಿದ ಆ ವಸ್ತು ಪೀಣ್ಯದಲ್ಲಿ ನೀಲಿ ಕೋಟು ಹಾಕಿಕೊಂಡು ನಿಂತಿತ್ತು.

ವರ್ಷ ಮುಗಿಯುತ್ತ ಬಂದಾಗ ನನ್ನ ಯಂತ್ರದಲ್ಲಿ ರಿಜೆಕ್ಷನ್ ಎಂಬುದು ಇರಲಿಲ್ಲ. ಕೆಲಸ ಗಟ್ಟಿಯಾಯಿತು ಅಂದುಕೊಂಡು ಎಚ್‌ಆರ್ ಮೇಡಂ ಬಳಿ ಹೋದೆ. ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಮಾಲೀಕನೂ ತನ್ನದೇ ನೀತಿ ರೂಪಿಸಬೇಕೆಂದು ಕಾಯ್ದೆಯಲ್ಲಿದೆ. "ನಮ್ಮಲ್ಲೂ ಪಾಲಿಸಿ ಇದೆ" ಎಂದರು ಮೇಡಂ, "ತಗೊಳ್ಳಲ್ಲ ಅಂತ." ಅದೂ ನೀತಿಯೇ, ತಕರಾರಿಲ್ಲ. ಕೊನೆಯ ವಾರ ಹೊಸ ಬ್ಯಾಚು ಬಂತು. ಹಾವೇರಿ ಕಡೆಯ ಹುಡುಗನೊಬ್ಬನನ್ನು ನನ್ನ ಜೊತೆ ನಿಲ್ಲಿಸಿ, "ಇವನಿಗೆ ಎಲ್ಲ ಹೇಳ್ಕೊಟ್ಟು ಹೋಗಿ ಇಂಜಿನಿಯರ್ರೇ" ಎಂದರು. ನಾನು ಕಲಿತು ಮುಗಿಸಿದ್ದೆ, ಆ ಯಂತ್ರದ ಮುಂದಿನ ಜಾಗ ಮಾತ್ರ ಇನ್ನೂ ತರಬೇತಿಯಲ್ಲಿತ್ತು. ಹುಡುಗ ಮೆಲ್ಲಗೆ, "ಅಣ್ಣಾ, ಇಲ್ಲಿ ಪರ್ಮನೆಂಟ್ ಮಾಡ್ತಾರೇನ್ರೀ?" ಎಂದ. "ಮೊದಲು ಗೇಜ್ ಹಿಡಿಯೋದು ಕಲಿ" ಎಂದೆ. ಸೂಪರ್‌ವೈಸರ್ ದನಿ ನನ್ನ ಗಂಟಲಿನಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅದೊಂದನ್ನು ನಾನು ಲಾಗ್ ಬುಕ್ಕಿನಲ್ಲಿ ಪ್ರಾಮಾಣಿಕವಾಗಿ ಬರೆಯಬಹುದಿತ್ತು.

ಮುಂದಿನ ತಿಂಗಳು ಇನ್ನೊಂದು ಕಾರ್ಖಾನೆಯ ಸಂದರ್ಶನ. ಪ್ರಮಾಣಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಟ್ರೈನಿಂಗು. ಎಕ್ಸ್‌ಪೀರಿಯನ್ಸ್ ಎಲ್ಲಪ್ಪಾ?" ಎಂದರು. ಅದೇ ಮಾದರಿಯ ಯಂತ್ರವನ್ನು ತಿಂಗಳುಗಟ್ಟಲೆ ಓಡಿಸಿದ್ದೇನೆ ಎಂದೆ. "ಅಪ್ರೆಂಟಿಸ್‌ಗೆ ಮಷೀನು ಯಾರು ಕೊಡ್ತಾರೆ?" ಎಂದು ನಕ್ಕರು. ಸುಳ್ಳು ಹೇಳುತ್ತಿದ್ದೇನೆಂದು ಖಾತ್ರಿಯಾದ ಮೇಲೂ ದೊಡ್ಡ ಮನಸ್ಸು ಮಾಡಿ, "ನೋಡೋಣ, ಒಂದು ವರ್ಷ ಟ್ರೈನಿ ಆಗಿ ಸೇರ್ಕೋ, ಚೆನ್ನಾಗಿ ಕಲಿತರೆ ಮುಂದೆ ಯೋಚನೆ ಮಾಡ್ತೀವಿ. ಏನಾದ್ರೂ ಕೇಳೋದಿದ್ಯಾ?" ಎಂದರು.

ಇತ್ತು. "ಲಾಗ್ ಬುಕ್ ಈಗಲೇ ತುಂಬಿ ಕೊಟ್ಟುಬಿಡ್ಲಾ ಸಾರ್, ಅಥವಾ ಆಡಿಟ್ ಬರೋವರೆಗೆ ಕಾಯ್ಬೇಕಾ? ಪೆನ್ನು ನನ್ ಹತ್ರನೇ ಇದಾವೆ."