ಬೆಂಗಳೂರಣ್ಣನ ಚೀನಿಕಾಯಿ

ನಮ್ಮ ಪಕ್ಕದ ಮನೆಗೆ ಬೆಂಗಳೂರಿನಿಂದ ಒಬ್ಬರು ಬಂದು ಕೂತಿದ್ದಾರೆ. ಸಾಫ್ಟ್‌ವೇರಿನವರು. ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಮನಿಪ್ಲಾಂಟು ಸಾಕಿದ ಧೈರ್ಯದ ಮೇಲೆ ಸಾಗರದ ಕಡೆ ಅರ್ಧ ಎಕರೆ ಕೊಂಡ ಮಹಾನುಭಾವರು. ಊರವರು ಅವರನ್ನು ಹಿಂದಿನಿಂದ ‘ಬೆಂಗಳೂರಣ್ಣ’ ಅಂತಾರೆ, ಎದುರಿಗೆ ‘ಸಾರ್’.

ಬಂದ ವಾರಕ್ಕೇ ಪೇಟೆಯಿಂದ ಕೊರಿಯರಿನವನ ಫೋನು. ನನ್ನ ಬೈಕಲ್ಲೇ ಹೋಗಿ ತಂದೆವು. ಬಿಚ್ಚಿದರೆ ಇಟ್ಟಿಗೆ ಥರ ಒತ್ತಿದ ಕೋಕೋಪೀಟ್! ಅಂದರೆ ತೆಂಗಿನ ನಾರಿನ ಪುಡಿ. ನಮ್ಮನೆ ಹಿತ್ತಲಲ್ಲಿ ತೆಂಗಿನ ಸಿಪ್ಪೆಯ ರಾಶಿಯೊಳಗೆ ಹಾವು ಸಂಸಾರ ಹೂಡಿದೆ, ಇವರು ದುಡ್ಡು ಕೊಟ್ಟು... ಹೋಗಲಿ ಬಿಡಿ. ಜೊತೆಗೊಂದು ಮಣ್ಣು ಪರೀಕ್ಷೆಯ ಕಡ್ಡಿ. ಅದನ್ನು ನೆಲಕ್ಕೆ ಚುಚ್ಚಿ ಮುಖ ಸಣ್ಣಗೆ ಮಾಡಿಕೊಂಡರು. “ಹೆಗಡೆಯವರೇ, ಮಣ್ಣಿಗೆ ಅಸಿಡಿಟಿ ಇದೆ!” ಇರದೆ ಇನ್ನೇನು? ನಮ್ಮ ಮಳೆ ಸುಣ್ಣದಂಶವನ್ನೆಲ್ಲ ತೊಳೆದು ಹೊಳೆಗೆ ಒಯ್ಯುತ್ತದೆ. ಅಪ್ಪನ ಕಾಲದಿಂದ ತೋಟಕ್ಕೆ ಸುಣ್ಣ ಹಾಕುವುದು ಮತ್ಯಾಕೆ, ಎಲೆಯಡಿಕೆ ಮೆಲ್ಲಲಿಕ್ಕಾ?

ರೋಹಿಣಿ ಮಳೆಯಲ್ಲಿ ಬೀಜ ಹಾಕಿದರು. ದಿಬ್ಬ ಮಾಡಿ ಅಂದೆ. ವಿಡಿಯೋದಲ್ಲಿ ಗುಂಡಿ ತೋರಿಸಿದ್ದರಂತೆ, ಗುಂಡಿಯೇ ಆಯಿತು. ಆರಿದ್ರಾ ಹಿಡಿದ ಮೂರನೇ ದಿನ ನೋಡಿದರೆ ಸಾಲಾಗಿ ಹನ್ನೆರಡು ಸ್ನಾನದ ತೊಟ್ಟಿ, ಒಂದೊಂದರಲ್ಲೂ ಕಪ್ಪೆ. ಬೆಂಡೆ ಕೊಳೆತು ಹೋಯಿತು. ಹಟ್ಟಿಯ ಗೊಬ್ಬರದ ಗುಡ್ಡೆಯ ಮೇಲೆ ಯಾರೂ ಬಿತ್ತದೆ ಹುಟ್ಟಿದ್ದ ಚೀನಿಕಾಯಿ ಬಳ್ಳಿಯೊಂದೇ ಉಳಿದದ್ದು. ಅದೇ ಅವರ ಕಣ್ಮಣಿ.

ಮಳೆ ಹೊಳವಾದ ಮೇಲೆ ಬಳ್ಳಿ ತುಂಬ ಹಳದಿ ಹೂ. ಬೆಂಗಳೂರಣ್ಣ ಫೋಟೋ ತೆಗೆದದ್ದೇ ತೆಗೆದದ್ದು. ಆದರೆ ಹೂವೆಲ್ಲ ಉದುರುತ್ತಿವೆ, ಕಾಯಿಯ ಸುದ್ದಿಯೇ ಇಲ್ಲ. ಏನೋ ರೋಗವೆಂದು ಔಷಧಿ ಹುಡುಕಲು ಹೊರಟವರನ್ನು ನಮ್ಮಮ್ಮ ಅಂಗಳದಲ್ಲೇ ತಡೆದಳು.

“ತಮಾ, ನೀ ಏಳೋದು ಎಷ್ಟು ಹೊತ್ತಿಗೆ?”

“ಒಂಬತ್ತು ಆಗ್ತದೆ ಅಮ್ಮ.”

“ಮತ್ತೆ? ಮೊದಲು ಬರೋದೆಲ್ಲ ಗಂಡುಹೂವೇ, ಉದುರ್ತದೆ. ಹೆಣ್ಣುಹೂ ನಸುಕಲ್ಲಿ ಅರಳಿ ಬಿಸಿಲೇರೋದರೊಳಗೆ ಮುಚ್ಚಿಕೊಳ್ತದೆ. ನಿನ್ನ ಕಾಫಿ ಆಗೋ ತನಕ ಕಾಯ್ತದಾ?”

ಮರುದಿನ ಮತ್ತೆ ಜಡಿಮಳೆ. ಆರೂಕಾಲಿಗೆ ಅಮ್ಮ ಕೊಡೆ ಹಿಡಿದು ಪಾಠಕ್ಕೆ ನಿಂತಳು. ಉದ್ದ ಸಪೂರ ತೊಟ್ಟಿನದು ಗಂಡು. ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಹೊತ್ತದ್ದು ಹೆಣ್ಣು. ಗಂಡುಹೂ ಕಿತ್ತು, ಎಸಳು ಬಿಡಿಸಿ, ಒಳಗಿನ ಹಳದಿ ಪುಡಿಯನ್ನು ಹೆಣ್ಣುಹೂವಿನ ನಡುವೆ ಮೆಲ್ಲಗೆ ಸವರಬೇಕು. ಜೇನುನೊಣ ಬಂದರೆ ಈ ಕಷ್ಟವೇ ಇಲ್ಲ, ಆ ಜಡಿಮಳೆಯಲ್ಲಿ ಅದೂ ರಜೆ ಹಾಕಿತ್ತು. ಬೆಂಗಳೂರಣ್ಣ ಉಸಿರು ಬಿಗಿಹಿಡಿದು ಸವರಿದರು. ಕೈ ನಡುಗುತ್ತಿತ್ತು. ಮುಗಿದ ಮೇಲೆ, ಪುರೋಹಿತರಿಗೆ ಕೇಳುವ ಹಾಗೆ, “ಇಷ್ಟೇನಾ ಅಮ್ಮ?” ಅಂದರು.

ಕಾಯಿ ನಿಂತಿತು. ಬಲಿತಿತು. ಮಂಗನ ಕಣ್ಣಿಗೆ ಬೀಳದಿರಲೆಂದು ಅದಕ್ಕೊಂದು ಹಳೇ ಟೀ ಶರ್ಟು ತೊಡಿಸಿದ್ದರು, ಎದೆಯ ಮೇಲೆ ಕಂಪನಿಯ ಹೆಸರು ಸಮೇತ.

ಮೊನ್ನೆ ಅರ್ಧ ಹೋಳು ಹಿಡಿದು ನಮ್ಮನೆಗೆ ಬಂದರು. ನಾನು ಆಗಷ್ಟೇ ಸಂತೆಯಿಂದ ಬಂದು ಚೀಲ ಇಳಿಸುತ್ತಿದ್ದೆ. ಬೀನ್ಸು, ಕೋಸು, ಬೆಂಡೆಕಾಯಿ. ಅವರು ಚೀಲದೊಳಗೆ ಇಣುಕಿದರು.

“ಹೆಗಡೆಯವರೇ, ನಿಮ್ಮಲ್ಲಿ ಬೆಂಡೆಕಾಯಿ ಆಗೋದಿಲ್ವಾ?”

“ಮಂಗನ ಕಾಟ” ಅಂದೆ.

ಒಳಗೆ ಅಮ್ಮ ನಕ್ಕದ್ದು ಜಗಲಿಗೂ ಕೇಳಿಸಿತು.